ಇಮ್ಯುನೋಥೆರಪಿ ಟ್ರಯಲ್‌ಗೆ ಹೊರಡುವ ಮುಂಚೆ: ಶಿರಸಿ, ಕುಮಟಾ, ಕಾರವಾರದ ಕಡೆಯವರಿಗೆ

ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಎಲೆ ಅಡಿಕೆಯ ಕವಳ ಹಾಕಿದವರು. ಎಡಗೆನ್ನೆಯ ಒಳಗೆ ಹುಣ್ಣಾಯಿತು, ಕ್ಯಾನ್ಸರ್ ಅಂದರು, ಆಪರೇಷನ್ ಆಯಿತು, ಕರೆಂಟ್ (ರೇಡಿಯೇಷನ್) ಕೊಡಿಸಿದ್ದೂ ಆಯಿತು. ಒಂದೂವರೆ ವರ್ಷಕ್ಕೆ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ ಎದ್ದಿತು. ಬೆಂಗಳೂರಿನ ಡಾಕ್ಟರು ರಿಪೋರ್ಟ್ ನೋಡಿ, "ಇನ್ನೊಂದು ಆಪರೇಷನ್ ಆಗಲ್ಲ. ಇಮ್ಯುನೋಥೆರಪಿದು ಒಂದು ಟ್ರಯಲ್ ನಡೀತಾ ಇದೆ. ಮನೇಲಿ ಮಾತಾಡಿ ಹೇಳಿ" ಅಂದರು. ಮನೇಲಿ ಏನಂತ ಮಾತಾಡುವುದು? ಚಿಕ್ಕಮ್ಮ, "ಅವಕ್ಕೆ ಪ್ರಯೋಗಕ್ಕೆ ಇಲಿ ಸಿಕ್ಕಿದ್ದಿಲ್ಯಾ?" ಎಂದು ಅಳಲು ಶುರು ಮಾಡಿದರು. ನನಗೂ ತಲೆಬುಡ ಗೊತ್ತಿರಲಿಲ್ಲ.

ಆಮೇಲೆ ಆ ಫೈಲು ಹೊತ್ತು ಓಡಾಡಿದ್ದು ನಾನೇ. ಹಾಗಾಗಿ ಈಗ ಯಾರ ಮನೆಯಲ್ಲಿ ಈ ಮಾತು ಬಂದರೂ ನನಗೊಂದು ಫೋನು ಬರುತ್ತದೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಅಡಿಕೆ ತೋಟ ಇರುವವನು. ಯಾವ ಔಷಧಿ, ಎಷ್ಟು ಎನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನಾನು ಹೇಳುವುದು ಅದರ ಹಿಂದುಮುಂದಿನ ಕೆಲಸಗಳನ್ನು.

ಮೊದಲು, ಇದು ಯಾವ ಔಷಧಿ?

"ಇಮ್ಯುನಿಟಿ ಜಾಸ್ತಿ ಮಾಡೋದು ಅಲ್ವಾ, ಅಮೃತಬಳ್ಳಿ ಕಷಾಯದ ಹಾಗೆ?" ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ನಮ್ಮ ರಕ್ತದಲ್ಲಿ ಟಿ ಕೋಶ ಅಂತ ಇವೆ. ಕೆಟ್ಟ ಕೋಶ ಕಂಡರೆ ಹೊಡೆಯುವುದು ಅವುಗಳ ಕೆಲಸ. ಅವು ಹದ್ದು ಮೀರಬಾರದು ಎಂದು ದೇಹವೇ ಅವಕ್ಕೆ ಬ್ರೇಕ್ ಇಟ್ಟಿದೆ. ಕೆಲವು ಕ್ಯಾನ್ಸರ್‌ಗಳು ಉಪಾಯವಾಗಿ ಅದೇ ಬ್ರೇಕನ್ನು ಒತ್ತಿ ಹಿಡಿದುಕೊಂಡು ಕೂತಿರುತ್ತವೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಿಗಳು ಆ ಬ್ರೇಕ್ ಬಿಡಿಸುತ್ತವೆ. ಈ ಬ್ರೇಕುಗಳ ಗುಟ್ಟು ಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ದೇವಿಮನೆ ಘಟ್ಟ ಇಳಿಯುವ ಬಸ್ಸು ನೆನಪು ಮಾಡಿಕೊಳ್ಳಿ. ಬ್ರೇಕ್ ಬಿಟ್ಟರೆ ಬಸ್ಸು ಓಡುತ್ತದೆ, ಸರಿ. ಆದರೆ ತಿರುವಿನಲ್ಲಿ ಎಲ್ಲಿಗೆ ನುಗ್ಗುತ್ತದೆ ಎಂಬ ಭಯವೂ ಇರುತ್ತದೆ. ಬ್ರೇಕ್ ಬಿಟ್ಟ ಟಿ ಕೋಶಗಳು ಕ್ಯಾನ್ಸರ್ ಬಿಟ್ಟು ಕರುಳು, ಶ್ವಾಸಕೋಶ, ಲಿವರ್, ಥೈರಾಯ್ಡ್ ಮೇಲೂ ಬೀಳಬಹುದು. ಈ ಔಷಧಿಯ ತೊಂದರೆಗಳೆಲ್ಲ ಹೆಚ್ಚಾಗಿ ಇಲ್ಲಿಂದಲೇ ಬರುತ್ತವೆ. ಕೀಮೋದ ಹಾಗೆ ಕೂದಲು ಉದುರುವುದು, ವಾಂತಿ, ಇವು ಇದರಲ್ಲಿ ಮುಖ್ಯವಲ್ಲ. ಹೀಗಾಗಿ ಊರಿನಲ್ಲಿ ಜನ "ಏನೂ ಆಗಿಲ್ಲ, ಚೆನ್ನಾಗೇ ಇದಾರೆ" ಎಂದು ಮೈಮರೆಯುತ್ತಾರೆ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಎಲ್ಲರಿಗೂ ಹಿಡಿಯುವ ಔಷಧಿಯಲ್ಲ. ಕೀಮೋ ಕೊಟ್ಟ ಮೇಲೂ ಬೆಳೆದ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಕೊಟ್ಟು ನೋಡಿದ 361 ಜನರ ದೊಡ್ಡ ಟ್ರಯಲ್ 2016ರಲ್ಲಿ ಪ್ರಕಟವಾಯಿತು. ಆ ಔಷಧಿ ಪಡೆದವರಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿದ್ದು ನೂರಕ್ಕೆ ಸುಮಾರು 13 ಜನರಿಗೆ. ಒಂದು ವರ್ಷ ದಾಟಿ ಬದುಕಿದವರು ನೂರಕ್ಕೆ 36. ಹಳೆಯ ಔಷಧಿ ಪಡೆದವರಲ್ಲಿ ಅದು ಸುಮಾರು 17. ಅಂದರೆ ಲಾಭ ಇದೆ, ಆದರೆ ಪವಾಡ ಇಲ್ಲ. ಈ ಲೆಕ್ಕವನ್ನು ಮನೆಯವರೆಲ್ಲ ಒಮ್ಮೆ ಒಟ್ಟಿಗೆ ಕೂತು ಕೇಳಿಸಿಕೊಳ್ಳುವುದು ಒಳ್ಳೆಯದು.

ಟ್ರಯಲ್ ಅಂದರೆ ಏನು, ಎಷ್ಟನೇ ಹಂತ ಅಂತ ಕೇಳಿ

ಟ್ರಯಲ್ ಅಂದರೆ ಹೊಸ ಚಿಕಿತ್ಸೆಯನ್ನು ಒಪ್ಪಿ ಬಂದ ರೋಗಿಗಳಿಗೆ ಕೊಟ್ಟು ಹಂತಹಂತವಾಗಿ ಪರೀಕ್ಷಿಸುವುದು. ಮೊದಲನೇ ಹಂತದಲ್ಲಿ ಕೆಲವೇ ಜನ ಇರುತ್ತಾರೆ. ದೇಹ ಎಷ್ಟು ಡೋಸ್ ತಡೆದುಕೊಳ್ಳುತ್ತದೆ ಎಂದು ನೋಡುವುದೇ ಅಲ್ಲಿ ಮುಖ್ಯ. ಎರಡನೇ ಹಂತದಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಅಂದಾಜು. ಮೂರನೇ ಹಂತದಲ್ಲಿ ನೂರಾರು ಜನರನ್ನು ಎರಡು ಗುಂಪು ಮಾಡಿ, ಹಳೆಯ ಚಿಕಿತ್ಸೆಗೆ ಹೊಸದನ್ನು ಹೋಲಿಸುತ್ತಾರೆ. ಯಾರು ಯಾವ ಗುಂಪಿಗೆ ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಡಾಕ್ಟರಿಗೂ ಅದರಲ್ಲಿ ಕೈಯಿಲ್ಲ, ಎಂಎಲ್‌ಎ ಫೋನಿಗೂ ಅದು ಬಗ್ಗುವುದಿಲ್ಲ. (ಪ್ರಯತ್ನ ಮಾಡಿದವರನ್ನು ನೋಡಿದ್ದೇನೆ.)

"ನಮಗೆ ಸುಮ್ನೆ ನೀರಿನ ಸಲಾಯಿನ್ ಹಾಕಿ ಕಳಿಸ್ತಾರಂತೆ" ಎಂಬ ಹೆದರಿಕೆ ಎಲ್ಲರಿಗೂ ಇದೆ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಒಳ್ಳೆಯ ಚಿಕಿತ್ಸೆ ಇರುವಾಗ ಬರೀ ಡಮ್ಮಿ ಕೊಡುವುದು ಅಪರೂಪ. ಸಾಮಾನ್ಯವಾಗಿ ಎರಡೂ ಗುಂಪಿಗೆ ಈಗಿನ ಚಿಕಿತ್ಸೆ ಇರುತ್ತದೆ. ಒಂದು ಗುಂಪಿಗೆ ಅದರ ಜೊತೆ ಹೊಸ ಔಷಧಿ, ಇನ್ನೊಂದಕ್ಕೆ ಡಮ್ಮಿ ಅಥವಾ ಏನೂ ಇಲ್ಲ. ಆದರೂ ನೇರವಾಗಿ ಕೇಳಿ: "ಹೊಸ ಔಷಧಿ ಸಿಗದ ಗುಂಪಿಗೆ ಬಿದ್ದರೆ ನಮಗೆ ಏನು ಕೊಡ್ತೀರಿ?" ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಅವತ್ತು ಸಹಿ ಬೇಡ.

ನಮ್ಮ ಕಡೆಯವರಿಗೆ ಹತ್ತಿರದ ಒಂದು ಉದಾಹರಣೆ ಇದೆ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಅನ್ನ ತಿನ್ನುವ ಶಿರಸಿಯಲ್ಲಿ ಈ ಮಾತು ಆಡುವುದು ಕಷ್ಟ. ನಾನೂ ಚಾಲಿ (ಒಣಗಿಸಿದ ಅಡಿಕೆ) ಮಾರಿಯೇ ಬದುಕುವವನು. ಇರಲಿ. ಬಾಯಿ ಕ್ಯಾನ್ಸರ್ ನಮ್ಮ ದೇಶದಲ್ಲಿ ಜಾಸ್ತಿ, ಇಮ್ಯುನೋಥೆರಪಿ ಪೂರ್ತಿ ಡೋಸ್ ಕೊಳ್ಳುವ ಶಕ್ತಿ ಇರುವವರು ಬಹಳ ಕಡಿಮೆ. ಹಾಗಾಗಿ ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರುಗಳು ಒಂದು ಟ್ರಯಲ್ ಮಾಡಿದರು. 151 ಜನ. ಎಲ್ಲರಿಗೂ ಮೂರು ಅಗ್ಗದ ಗುಳಿಗೆಗಳು: ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್. ಅರ್ಧ ಜನರಿಗೆ ಅದರ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್. ಪೂರ್ತಿ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ, ಅದರ ಮುಂದೆ ಇದು ಚಿಟಿಕೆ. ಒಂದು ವರ್ಷಕ್ಕೆ ಬದುಕಿದ್ದವರು ಗುಳಿಗೆ ಮಾತ್ರ ಪಡೆದವರಲ್ಲಿ ನೂರಕ್ಕೆ 16, ನಿವೊಲುಮ್ಯಾಬ್ ಸೇರಿಸಿದವರಲ್ಲಿ 43. ಇದು 2023ರಲ್ಲಿ ಪ್ರಕಟವಾಯಿತು. ಈ ಲೆಕ್ಕ ಇವತ್ತು ನಮ್ಮ ಕೈಗೆ ಸಿಕ್ಕಿದ್ದು ಆ 151 ಜನ ಒಪ್ಪಿ ಸೇರಿದ್ದಕ್ಕೆ. ಚಿಕ್ಕಮ್ಮನ ಇಲಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ. ಅವರಿಗೆ ಸಮಾಧಾನ ಆಯಿತೋ ಇಲ್ಲವೋ, ಅಳು ನಿಂತಿತು.

ನಿಮಗೆ ಯಾವ ಟ್ರಯಲ್ಲೂ ಕೂಡಿ ಬರದಿದ್ದರೆ, "ಕಡಿಮೆ ಡೋಸ್ ನಿವೊಲುಮ್ಯಾಬ್ ನಮಗೆ ಆಗುತ್ತದಾ?" ಎಂದು ಡಾಕ್ಟರನ್ನು ಕೇಳಿ ನೋಡಿ. ಟ್ರಯಲ್ ಒಳಗೆ ಹೋಗದೆಯೂ ಕೇಳಬಹುದಾದ ಪ್ರಶ್ನೆ ಅದು.

ಫೈಲು ಮತ್ತು ಬ್ಲಾಕು

ಹೊರಡುವ ಮುಂಚೆ ಕಾಗದ ಜೋಡಿಸಿ. ಬಯಾಪ್ಸಿ ರಿಪೋರ್ಟ್, ಆಪರೇಷನ್ ಮಾಡಿದ್ದರೆ ಆಮೇಲಿನ ರಿಪೋರ್ಟ್, ಕೊಟ್ಟ ಕೀಮೋದ ಹೆಸರು ಮತ್ತು ತಾರೀಕು, ಕರೆಂಟ್ ಎಷ್ಟು ದಿನ ಎಂಬ ಚೀಟಿ, ಸ್ಕ್ಯಾನಿಂಗ್ ಸಿಡಿ. ಫಿಲ್ಮ್ ಮಾತ್ರ ಸಾಲದು, ಸಿಡಿಯೇ ಬೇಕು.

ಬಹಳ ಜನ ಮರೆಯುವುದು ಬ್ಲಾಕ್. ಬಯಾಪ್ಸಿ ಮಾಡಿದಾಗ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಡಬ್ಬಿಯಲ್ಲಿ ಲ್ಯಾಬಿನವರು ಇಟ್ಟಿರುತ್ತಾರೆ. ಅದೇ ಬ್ಲಾಕ್. ಕ್ಯಾನ್ಸರ್ ಆ ಬ್ರೇಕ್ ಒತ್ತಲು ಬಳಸುವ ಪಿಡಿಎಲ್1 ಎಷ್ಟಿದೆ ಎಂದು ನೋಡುವ ಟೆಸ್ಟ್‌ಗೆ ಅದು ಬೇಕು, ಅನೇಕ ಟ್ರಯಲ್‌ಗಳಿಗೆ ಅದಿಲ್ಲದೆ ಬಾಗಿಲೇ ತೆರೆಯುವುದಿಲ್ಲ. ಮೊದಲ ಬಯಾಪ್ಸಿ ಹುಬ್ಬಳ್ಳಿಯಲ್ಲಿ ಆಗಿದ್ದರೆ ಹುಬ್ಬಳ್ಳಿ, ಮಣಿಪಾಲದಲ್ಲಾದರೆ ಮಣಿಪಾಲ, ಗೋವಾದಲ್ಲಾದರೆ ಗೋವಾ. ನೀವೇ ಹೋಗಿ ಅರ್ಜಿ ಕೊಟ್ಟು, ಸಹಿ ಹಾಕಿ ತರಬೇಕು. ನಾವು ಬ್ಲಾಕ್ ಬಿಟ್ಟು ಬೆಂಗಳೂರಿಗೆ ಹೋಗಿದ್ದೆವು. ಅದನ್ನು ತರಲು ವಾಪಸ್ ಬಂದು ಹೋಗುವಷ್ಟರಲ್ಲಿ ಹನ್ನೊಂದು ದಿನ ಹೋಯಿತು. ಗಡ್ಡೆ ಆ ಹನ್ನೊಂದು ದಿನವೂ ಬೆಳೆಯಿತು. ಬ್ಲಾಕ್ ತರುವಾಗ ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮೇಣ ಅದು, ಕರಗುತ್ತದೆ.

ಟ್ರಯಲ್ ಹುಡುಕುವುದು ಹೇಗೆ

ನಮ್ಮ ದೇಶದಲ್ಲಿ ನಡೆಯುವ ಟ್ರಯಲ್‌ಗಳೆಲ್ಲ ಸಿಟಿಆರ್‌ಐ (CTRI, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ಎಂಬ ಸರ್ಕಾರಿ ರಿಜಿಸ್ಟರಿನಲ್ಲಿ ದಾಖಲಾಗಬೇಕು. 2007ರಲ್ಲಿ ಅದು ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇಂಗ್ಲಿಷಿನಲ್ಲಿದೆ, ಕಾಲೇಜು ಓದುವ ಮಕ್ಕಳನ್ನು ಪಕ್ಕ ಕೂರಿಸಿಕೊಳ್ಳಿ. ಹುಡುಕುವ ಜಾಗದಲ್ಲಿ ಕ್ಯಾನ್ಸರಿನ ಹೆಸರೋ ಔಷಧಿಯ ಹೆಸರೋ ಹಾಕಿ. ಪ್ರತಿ ಟ್ರಯಲ್‌ಗೆ ಒಂದು ನಂಬರ್ ಇರುತ್ತದೆ: ಸಿಟಿಆರ್‌ಐ, ಆಮೇಲೆ ವರ್ಷ, ತಿಂಗಳು, ಕೊನೆಗೆ ಆರು ಅಂಕಿ. ತೆರೆದ ಪುಟದಲ್ಲಿ ಮೂರು ಕಡೆ ಕಣ್ಣು ಹಾಯಿಸಿ ಸಾಕು. ಒಂದು, ಜನರನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರಾ. ಅಲ್ಲಿ 'ಓಪನ್ ಟು ರಿಕ್ರೂಟ್‌ಮೆಂಟ್' ಎಂದಿರಬೇಕು. ಎರಡು, ಯಾವ ಊರಿನ ಯಾವ ಆಸ್ಪತ್ರೆ, ಡಾಕ್ಟರ ಹೆಸರು, ಫೋನ್. ಮೂರು, ಯಾರನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಪಟ್ಟಿ.

ನೀವೇ ಹುಡುಕಿದ್ದನ್ನು ನಿಮ್ಮ ಡಾಕ್ಟರ ಮುಂದಿಡಿ. ಅವರು ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬರನ್ನು ಕೇಳಿ. ಮುಂಬೈಗೆ ಹೋಗದೆಯೇ ಟಾಟಾ ಮೆಮೋರಿಯಲ್‌ನವರ ಅಭಿಪ್ರಾಯ ಆನ್‌ಲೈನ್‌ನಲ್ಲಿ ಪಡೆಯಲು ನವ್ಯಾ ಎಂಬ ಸೇವೆಯೂ ಇದೆ. ಫೈಲು ಸ್ಕ್ಯಾನ್ ಮಾಡಿ ಹಾಕಿದರಾಯಿತು.

ಒಂದು ಎಚ್ಚರಿಕೆ. "ಇಮ್ಯುನೋಥೆರಪಿ ಟ್ರಯಲ್, ಬರೀ ಇಷ್ಟು ಲಕ್ಷ" ಎಂದು ಯಾರಾದರೂ ಹೇಳಿದರೆ ಸಿಟಿಆರ್‌ಐ ನಂಬರ್ ಕೇಳಿ. ನಂಬರ್ ಇಲ್ಲದಿದ್ದರೆ ಅದು ಟ್ರಯಲ್ ಅಲ್ಲ, ವ್ಯಾಪಾರ.

ಔಷಧಿಗಿಂತ ಮೊದಲು ದಾರಿ ನೋಡಿ

ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಇಂಥ ಟ್ರಯಲ್‌ಗಳು ನಡೆಯುವುದು ಹೆಚ್ಚಾಗಿ ಬೆಂಗಳೂರು, ಮುಂಬೈ, ಮಣಿಪಾಲ, ಮಂಗಳೂರಿನಂಥ ಕಡೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎಷ್ಟು ಕೂಗಿದೆವು, ನಿಮಗೂ ನೆನಪಿರಬೇಕು. ಟ್ರಯಲ್‌ಗೆ ಸೇರಿದರೆ ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಅಲ್ಲಿಗೆ ಹೋಗಬೇಕು. ಔಷಧಿ ಹತ್ತಲು ಒಂದು ಗಂಟೆಯೂ ಬೇಕಾಗಲಿಕ್ಕಿಲ್ಲ. ಆದರೆ ಹಿಂದಿನ ದಿನ ರಕ್ತ ಪರೀಕ್ಷೆ, ರಿಪೋರ್ಟ್ ಬಂದ ಮೇಲೆ ಔಷಧಿ, ಕಾಯುವುದು. ಶಿರಸಿಯಿಂದ ಬೆಂಗಳೂರು 400 ಕಿಲೋಮೀಟರ್. ಹೋಗಿ ಬರುವುದರಲ್ಲಿ ಮೂರು ದಿನ ಹೋಯಿತು ಅಂತ ಲೆಕ್ಕ ಹಾಕಿ. ಆ ಮೂರು ದಿನ ಜೊತೆಗೆ ಹೋಗುವವರು ಯಾರು? ಒಬ್ಬರ ಹೆಸರು ಸಾಲದು, ಇಬ್ಬರ ಹೆಸರು ಬರೆಯಿರಿ. ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಯಿತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಘಟ್ಟದ ರಸ್ತೆ ಯಾವಾಗ ಬಂದಾಗುತ್ತದೆ ಎಂದು ಹೇಳಲಾಗದು. ಆದ್ದರಿಂದ ಆಸ್ಪತ್ರೆಯಲ್ಲಿ ಟ್ರಯಲ್‌ನ ತಾರೀಕು, ಕಾಗದ ನೋಡಿಕೊಳ್ಳುವ ಕೋಆರ್ಡಿನೇಟರ್ ಹತ್ತಿರ ಮೊದಲೇ ಕೇಳಿ: ತಾರೀಕಿಗಿಂತ ಎಷ್ಟು ದಿನ ಆಚೀಚೆ ಆದರೆ ನಡೆಯುತ್ತದೆ? ಟ್ರಯಲ್ ನಿಯಮದಲ್ಲೇ ಅದಕ್ಕೆ ಕೆಲವು ದಿನಗಳ ಸಲಿಗೆ ಇರುತ್ತದೆ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಮುಂಚೆಯೇ ಹೊರಡುತ್ತಿದ್ದೆವು.

ಕರಾವಳಿಯವರಿಗೆ ರೈಲಿದೆ. ಬೆಂಗಳೂರಿಗೆ ಪಂಚಗಂಗಾ, ಮುಂಬೈಗೆ ಮತ್ಸ್ಯಗಂಧ. ಸಿದ್ದಾಪುರದವರು ತಾಳಗುಪ್ಪದಿಂದ ಹೋಗುತ್ತಾರೆ. ಶಿರಸಿಯವರಿಗೆ ಬಸ್ಸೇ ಗತಿ. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ ಟಯರ್ ಎಸಿ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಅದಕ್ಕೆ ರೈಲ್ವೆಯದೇ ಒಂದು ಫಾರಂ ಇದೆ, ಆಸ್ಪತ್ರೆಯಲ್ಲಿ ಸಹಿ ಸೀಲು ಹಾಕಿಸಿ ಸ್ಟೇಷನ್ ಕೌಂಟರಿನಲ್ಲಿ ತೋರಿಸಬೇಕು. ಮೊದಲ ಸಲ ಹೋದಾಗಲೇ ಮಾಡಿಸಿಕೊಳ್ಳಿ.

ಸ್ಕ್ರೀನಿಂಗ್: ತಿರಸ್ಕಾರ ಅಂದುಕೊಳ್ಳಬೇಡಿ

ಸೇರುವ ಮುಂಚೆ ಅವರು ಜರಡಿ ಹಿಡಿಯುತ್ತಾರೆ. ರಕ್ತ, ಲಿವರ್, ಕಿಡ್ನಿ, ಹೃದಯ, ಸ್ಕ್ಯಾನ್. ಎದ್ದು ಓಡಾಡಿ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಶಕ್ತಿ ಇದೆಯೇ ಎಂದೂ ನೋಡುತ್ತಾರೆ. ಹಾಸಿಗೆ ಹಿಡಿದ ಮೇಲೆ ಟ್ರಯಲ್ ಹುಡುಕುತ್ತೇವೆ ಅಂದರೆ ಆಗುವುದಿಲ್ಲ, ತಡವಾಯಿತು ಅಂತಲೇ ಅರ್ಥ. ಸಂಧಿವಾತದಂಥ ದೇಹವೇ ದೇಹದ ಮೇಲೆ ಬೀಳುವ ಕಾಯಿಲೆ ಇದ್ದರೆ, ದಿನಾ ಸ್ಟಿರಾಯ್ಡ್ ತಿನ್ನುತ್ತಿದ್ದರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಬ್ರೇಕ್ ಬಿಡಿಸುವ ಔಷಧಿಗೆ ಸ್ಟಿರಾಯ್ಡ್ ಎದುರಾಳಿ.

ಇಲ್ಲಿ ನಾಟಿ ಔಷಧಿಯ ವಿಷಯ ಬರುತ್ತದೆ. ನಮ್ಮ ಕಡೆ ಕ್ಯಾನ್ಸರ್ ಅಂದ ಕೂಡಲೇ ಯಾರೋ ಒಬ್ಬರು ಚಕ್ಕೆ, ಪುಡಿ ತಂದುಕೊಡುತ್ತಾರೆ. ನಂಬಿಕೆಯನ್ನು ನಾನು ಬೈಯುವುದಿಲ್ಲ. ಆದರೆ ತಿನ್ನುತ್ತಿದ್ದರೆ ಹೇಳಿಬಿಡಿ, ಪೊಟ್ಟಣ ಸಮೇತ ತೋರಿಸಿ. ಲಿವರ್ ಕೆಟ್ಟರೆ ಅದು ಹೊಸ ಔಷಧಿಯಿಂದಲೋ ಪುಡಿಯಿಂದಲೋ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಚಿಕ್ಕಪ್ಪನನ್ನು ಮೊದಲ ಟ್ರಯಲ್‌ನವರು ಬೇಡ ಅಂದದ್ದು ಮಂಡಿ ನೋವಿಗೆ ನುಂಗುತ್ತಿದ್ದ ಗುಳಿಗೆಯಿಂದ. ಅದರಲ್ಲಿ ಸ್ಟಿರಾಯ್ಡ್ ಇತ್ತು, ನಮಗೆ ಗೊತ್ತೇ ಇರಲಿಲ್ಲ. ಅದು ಬಿಟ್ಟು ಕೆಲವು ವಾರದ ನಂತರ ಇನ್ನೊಂದು ಟ್ರಯಲ್‌ಗೆ ಕೂಡಿ ಬಂತು.

ಸಹಿ ಹಾಕುವ ದಿನ

ಒಪ್ಪಿಗೆ ಪತ್ರ ಅಂತ ಕೊಡುತ್ತಾರೆ. ನಮ್ಮದು 26 ಪುಟ ಇತ್ತು. ಕನ್ನಡದಲ್ಲೇ ಕೇಳಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಆ ಕನ್ನಡ ಸ್ವಲ್ಪ ಕೋರ್ಟು ಕನ್ನಡದ ಹಾಗಿರುತ್ತದೆ, ತಡೆದುಕೊಳ್ಳಿ. ಅವತ್ತೇ ಸಹಿ ಹಾಕಬೇಕಾಗಿಲ್ಲ. ಮನೆಗೆ ಒಯ್ದು ಓದಬಹುದು. ನಾವು ಜಗಲಿಯಲ್ಲಿ ಕೂತು ಎರಡು ಸಂಜೆ ಓದಿದೆವು. ಚಿಕ್ಕಪ್ಪ ಮೊದಲು ಪುಟ ಎಣಿಸಿ, "ಇದೆಂತದಾ ತಮಾ, ಜಮೀನು ಪತ್ರಕ್ಕಿಂತ ಉದ್ದ ಇದ್ದಲಾ!" ಅಂದರು.

ಕೊನೆಯ ಪುಟಕ್ಕೆ ಬಂದಾಗ ಸುಮ್ಮನಾದರು. ಅಲ್ಲಿ ವಯಸ್ಸು, ಓದು, ಉದ್ಯೋಗ, ವರ್ಷದ ಆದಾಯ ಕೇಳಿ, ಕೆಳಗೆ ನಾಮಿನಿಯ ಹೆಸರು, ಸಂಬಂಧ ಎಂದು ಒಂದು ಖಾನೆ ಇತ್ತು. "ಸಾಯ್ತೆ ಅಂತ ಮೊದಲೇ ಬರೆಸಿಕೊಳ್ತ್ವನ?" ಎಂದು ಪೆನ್ನು ಕೆಳಗಿಟ್ಟರು. ಈ ಖಾನೆ ಕಂಡು ಎದ್ದು ಹೋದ ಎರಡು ಮನೆಯವರು ನನಗೇ ಗೊತ್ತು. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹೊಸ ಔಷಧಿಗಳ ಟ್ರಯಲ್‌ಗೆ ನಮ್ಮಲ್ಲಿ 2019ರ ನ್ಯೂ ಡ್ರಗ್ಸ್ ಆಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್ ಎಂಬ ಕಾನೂನಿದೆ. ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು, ಟ್ರಯಲ್‌ನಿಂದಲೇ ಪ್ರಾಣ ಹೋದರೆ ಮನೆಯವರಿಗೆ ಪರಿಹಾರ ಕೊಡಬೇಕು. ಆ ದುಡ್ಡು ಯಾರ ಕೈಗೆ ಹೋಗಬೇಕು ಎಂದು ಬರೆಸಿಕೊಳ್ಳುವುದೇ ಆ ಖಾನೆ. ಎಲ್ಲರ ಪತ್ರದಲ್ಲೂ ಇರುತ್ತದೆ. ಸೊಸೈಟಿಯಲ್ಲಿ ಖಾತೆ ತೆರೆದಾಗಲೂ ನಾಮಿನಿ ಬರೆದಿದ್ದೀರಿ, ಹೌದಲ್ವಾ? ಹೀಗೆ ಹೇಳಿದ ಮೇಲೆ ಚಿಕ್ಕಪ್ಪ ಚಿಕ್ಕಮ್ಮನ ಹೆಸರು ಬರೆದರು. ಆದಾಯದ ಜಾಗದಲ್ಲಿ ಏನು ಬರೆಯುವುದು ಎಂದು ಅರ್ಧ ಗಂಟೆ ಚರ್ಚೆ ಆಯಿತು. ಇದ್ದದ್ದನ್ನೇ ಬರೆಯಿರಿ.

ಪತ್ರದಲ್ಲಿ ಹುಡುಕಬೇಕಾದ್ದು ಇನ್ನೂ ಇದೆ. ಯಾವ ದಿನ ಬೇಕಾದರೂ, ಕಾರಣ ಹೇಳದೆ, ಟ್ರಯಲ್ ಬಿಡಬಹುದು. ಬಿಟ್ಟರೂ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲು ಇರಬೇಕು. ಡಾಕ್ಟರ ಫೋನ್ ನಂಬರ್ ಮತ್ತು ಎಥಿಕ್ಸ್ ಕಮಿಟಿಯ ನಂಬರ್, ಎರಡೂ ಇರಬೇಕು. ಎಥಿಕ್ಸ್ ಕಮಿಟಿ ಅಂದರೆ ಟ್ರಯಲ್ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು. ಅದರಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧ ಇಲ್ಲದವರಾಗಿರಬೇಕು. ದೂರು ಇದ್ದರೆ ಅವರಿಗೇ ಹೇಳಬಹುದು. ಓದಲು ಬರದವರಿದ್ದರೆ, ಟ್ರಯಲ್‌ಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿದ್ದು ಸಹಿ ಹಾಕಬೇಕು. ಕೆಲವೊಮ್ಮೆ ವಿಡಿಯೋ ಮಾಡುತ್ತಾರೆ. ಕ್ಯಾಮೆರಾ ಕಂಡು ಗಾಬರಿ ಬೇಡ, ನಿಮಗೆ ವಿವರಿಸಿದ್ದಾರೆ ಎಂಬುದಕ್ಕೆ ಅದು ದಾಖಲೆ.

ಸಹಿ ಆದ ಮೇಲೆ ಒಂದು ಪ್ರತಿ ನಿಮಗೆ ಕೊಡಬೇಕು. "ಆಮೇಲೆ ಕೊಡ್ತೀವಿ" ಅಂದರೆ ಅಲ್ಲೇ ಕೂತುಕೊಳ್ಳಿ.

ದುಡ್ಡಿನ ಲೆಕ್ಕ

ಪರೀಕ್ಷೆಗಿಟ್ಟ ಔಷಧಿಗೆ ಕಂಪನಿ ನಡೆಸುವ ಟ್ರಯಲ್‌ನಲ್ಲಿ ದುಡ್ಡು ಕೇಳುವುದಿಲ್ಲ. ಅದರ ಜೊತೆಗಿನ ಮಾಮೂಲಿ ಕೀಮೋ, ಸ್ಕ್ಯಾನ್, ಬ್ಲಾಕ್ ಟೆಸ್ಟ್, ಇವು ಯಾರ ಲೆಕ್ಕಕ್ಕೆ? ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಬಸ್ಸು, ರೈಲಿನ ಖರ್ಚನ್ನು ಎಷ್ಟೋ ಟ್ರಯಲ್‌ಗಳು ಕೊಡುತ್ತವೆ, ಟಿಕೆಟ್ ಇಟ್ಟುಕೊಳ್ಳಬೇಕು. ಕಂಪನಿಯಿಲ್ಲದೆ ಆಸ್ಪತ್ರೆಯ ಡಾಕ್ಟರುಗಳೇ ನಡೆಸುವ ಟ್ರಯಲ್ ಆದರೆ ಎಲ್ಲವೂ ಪುಕ್ಕಟೆ ಇರುತ್ತದೆ ಎಂದುಕೊಳ್ಳಬೇಡಿ. ಟ್ರಯಲ್ ಮುಗಿದ ಮೇಲೆ, ಔಷಧಿ ಹಿಡಿಯುತ್ತಿದ್ದರೆ, ಮುಂದುವರಿಸಿ ಕೊಡುತ್ತಾರಾ ಎಂದೂ ಈಗಲೇ ಕೇಳಿ. ಎಲ್ಲರೂ ಇದನ್ನು ಕೊನೆಗೆ ಕೇಳಿ ಪೇಚಾಡುತ್ತಾರೆ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಇರುವಾಗ ಭಯವಿಲ್ಲ, ಅಲ್ಲಿ ಡಾಕ್ಟರಿದ್ದಾರೆ. ಭಯ ಇರುವುದು ಶಿರಸಿಯಲ್ಲೋ ಹೊನ್ನಾವರದಲ್ಲೋ ರಾತ್ರಿ ಎರಡು ಗಂಟೆಗೆ.

ನಾಲ್ಕನೇ ಡೋಸ್ ಆಗಿ ಹತ್ತು ದಿನಕ್ಕೆ ಚಿಕ್ಕಪ್ಪನಿಗೆ ಭೇದಿ ಶುರುವಾಯಿತು. ಆಷಾಢದ ಮಳೆ. ನೀರು ಕೆಟ್ಟಿರಬೇಕು ಎಂದುಕೊಂಡೆವು. ದಾಳಿಂಬೆ ಸಿಪ್ಪೆ ಕಷಾಯ, ಮಜ್ಜಿಗೆ ಅನ್ನ. ಮಾರನೇ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಅವರು ಭೇದಿ ನಿಲ್ಲುವ ಗುಳಿಗೆ ಕೊಟ್ಟರು. ತಪ್ಪು ಅವರದಲ್ಲ. ಇಮ್ಯುನೋಥೆರಪಿ ನಡೆಯುತ್ತಿದೆ ಎಂದು ನಾವು ಹೇಳಲೇ ಇಲ್ಲ. "ಸಣ್ಣ ಹೊಟ್ಟೆ ನೋವಿಗೆಲ್ಲ ಬೆಂಗಳೂರಿನ ಕಥೆ ಯಾಕೆ" ಅಂತ. ಮೂರನೇ ರಾತ್ರಿ ಒಂಬತ್ತು ಸಲ ಎದ್ದರು. ಕಾಲು ನಿಲ್ಲಲಿಲ್ಲ. ಆಗ ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವ ಕಡೆ ಹೋಗಿ, ಕೊಡೆ ಹಿಡಿದು ನಿಂತು ಟ್ರಯಲ್ ಡಾಕ್ಟರಿಗೆ ಫೋನು ಮಾಡಿದೆ. ಮೊದಲ ಪ್ರಶ್ನೆ: "ಮೂರು ದಿನದಿಂದ ಯಾಕೆ ಹೇಳಲಿಲ್ಲ?" ಅದು ನೀರಿನ ಭೇದಿಯಲ್ಲ, ಟಿ ಕೋಶಗಳು ಕರುಳಿನ ಮೇಲೆ ಬಿದ್ದದ್ದು. ಅದಕ್ಕೆ ಔಷಧಿ ಸ್ಟಿರಾಯ್ಡ್. ಅವರು ಊರಿನ ಡಾಕ್ಟರ ಹತ್ತಿರ ಮಾತಾಡಿ, ಮೊದಲ ಇಂಜೆಕ್ಷನ್ ಇಲ್ಲೇ ಕೊಡಿಸಿ, ಬೆಳಗ್ಗೆ ಹುಬ್ಬಳ್ಳಿಗೆ ಹೊರಡಿಸಿದರು. ಬದುಕಿಕೊಂಡರು. ಎರಡು ದಿನ ಮುಂಚೆ ಫೋನು ಮಾಡಿದ್ದರೆ ಆಸ್ಪತ್ರೆ ಸೇರುವುದೇ ತಪ್ಪುತ್ತಿತ್ತೇನೋ.

ಹಾಗಾಗಿ ಔಷಧಿ ಶುರುವಾಗುವ ಮುಂಚೆಯೇ ಈ ಕೆಲಸ ಮಾಡಿ. ಒಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ: ರೋಗಿಯ ಹೆಸರು, ಟ್ರಯಲ್ ಹೆಸರು ಮತ್ತು ನಂಬರ್, ಔಷಧಿಯ ಹೆಸರು, ಇದು ಇಮ್ಯುನೋಥೆರಪಿ ಎಂಬ ಮಾತು, 24 ಗಂಟೆಯೂ ಎತ್ತುವ ಫೋನ್ ನಂಬರ್. ಅನೇಕ ಟ್ರಯಲ್‌ಗಳಲ್ಲಿ ಅವರೇ ಕೊಡುತ್ತಾರೆ. ಲ್ಯಾಮಿನೇಷನ್ ಮಾಡಿಸಿ, ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ. ಒಂದು ರೋಗಿಯ ಜೇಬಿನಲ್ಲಿ, ಒಂದು ಮನೆ ಫೋನಿನ ಪಕ್ಕ. ನಿಮ್ಮ ಮನೆಗೆ ನೆಟ್‌ವರ್ಕ್ ಇಲ್ಲದಿದ್ದರೆ ಲ್ಯಾಂಡ್‌ಲೈನ್ ನಂಬರನ್ನೂ ಪಕ್ಕದ ಮನೆಯವರದ್ದನ್ನೂ ಕೋಆರ್ಡಿನೇಟರ್‌ಗೆ ಕೊಡಿ.

ಆಮೇಲೆ ಊರಿನ ಡಾಕ್ಟರನ್ನು ಮೊದಲೇ ಹೋಗಿ ಕಾಣಿ. ಕಾರ್ಡ್ ತೋರಿಸಿ. ಕಾಯಿಲೆ ಇಲ್ಲದ ದಿನ ಹೋದರೆ ಅವರಿಗೂ ಕೇಳಿಸಿಕೊಳ್ಳಲು ಪುರಸೊತ್ತು ಇರುತ್ತದೆ.

ಯಾವಾಗ ಫೋನು ಮಾಡಬೇಕು? ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿ ಆದರೆ, ಅಥವಾ ಅದರಲ್ಲಿ ರಕ್ತ ಕಂಡರೆ. ಹೊಸದಾಗಿ ಒಣ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು. ಕಣ್ಣು ಹಳದಿ, ಮೂತ್ರ ಕಡು ಬಣ್ಣ. ಎದೆ ನೋವು. ರೆಪ್ಪೆ ಇಳಿಬೀಳುವುದು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು. ತಡೆಯಲಾಗದ ತಲೆನೋವು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ. ಇದು ಇದ್ದಕ್ಕಿದ್ದಂತೆ ಬಂದ ಸಕ್ಕರೆ ಕಾಯಿಲೆ ಇರಬಹುದು. ಮೈ ತುಂಬ ದದ್ದು. ಜ್ವರ ಬಂದರೆ ನಮ್ಮ ಕಡೆ ಇಲಿಜ್ವರ, ಡೆಂಗಿ, ಮಂಗನ ಕಾಯಿಲೆ ಎಲ್ಲವೂ ಇವೆ, ಅದನ್ನು ಬೆಂಗಳೂರಿನವರಿಗೆ ನೀವೇ ನೆನಪು ಮಾಡಬೇಕು. ಅವರು ಇಮ್ಯುನೋಥೆರಪಿ ನೆನೆಸುತ್ತಾರೆ, ಇಲ್ಲಿನವರು ಇಲಿಜ್ವರ ನೆನೆಸುತ್ತಾರೆ. ಇಬ್ಬರ ನಡುವೆ ಮಾತು ಒಯ್ಯುವವರು ನೀವೇ.

ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಈ ತೊಂದರೆ ಬರಬಹುದು. ಕಾರ್ಡ್ ಬಿಸಾಡಬೇಡಿ. ಸ್ಟಿರಾಯ್ಡ್ ಕೊಟ್ಟಿದ್ದರೆ, ಸ್ವಲ್ಪ ಗುಣ ಕಂಡ ಕೂಡಲೇ ನೀವಾಗಿ ನಿಲ್ಲಿಸಬೇಡಿ. ವಾರಗಟ್ಟಲೆ ಇಳಿಸುತ್ತಾ ಬರಬೇಕು. ಯಾವ ಗುಂಪು ಎಂದು ಗುಟ್ಟಾಗಿರುವ ಟ್ರಯಲ್ ಆದರೆ, ತುರ್ತು ಸಮಯದಲ್ಲಿ ಆ ಗುಟ್ಟು ಬಿಚ್ಚುವ ವ್ಯವಸ್ಥೆಯೂ ಇರುತ್ತದೆ. ಡಾಕ್ಟರು ಕೇಳಿಕೊಳ್ಳುತ್ತಾರೆ.

ನೋವು ಮಾತ್ರ ಸಹಿಸಿಕೊಂಡು ಕೂರಬೇಡಿ. ಟ್ರಯಲ್‌ನಲ್ಲಿದ್ದರೂ ನೋವಿನ ಔಷಧಿ, ಮಾರ್ಫಿನ್ ಸಹ, ಕೇಳಿ ಪಡೆಯಬಹುದು.

ಸ್ಕ್ಯಾನ್ ಬಂದಾಗ, ಬಿಡುವಾಗ

ಸುಮಾರು ಆರರಿಂದ ಹನ್ನೆರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. ಅಪರೂಪಕ್ಕೆ ಗಡ್ಡೆ ಮೊದಲು ಊದಿ ಆಮೇಲೆ ಕುಗ್ಗುವುದೂ ಉಂಟು, ಹಾಗಾಗಿ ಕೆಲವೊಮ್ಮೆ ಡಾಕ್ಟರು "ಇನ್ನೊಂದು ಸ್ಕ್ಯಾನ್ ನೋಡೋಣ" ಅನ್ನುತ್ತಾರೆ. ಆದರೆ ಗಡ್ಡೆ ಬೆಳೆದು ರೋಗಿ ಸೋಲುತ್ತಾ ಇದ್ದರೆ ಅದು ಊತವಲ್ಲ, ಕಾಯಿಲೆಯೇ. ಆಗ ಬಿಡುವ ಮಾತಾಡಿ.

ಚಿಕ್ಕಪ್ಪನಿಗೆ ಭೇದಿಯ ನಂತರ ಔಷಧಿ ನಿಲ್ಲಿಸಿದರು. ಗಡ್ಡೆ ಕುಗ್ಗಲಿಲ್ಲ, ಬೆಳೆಯಲೂ ಇಲ್ಲ; ಏಳು ತಿಂಗಳು ಇದ್ದ ಹಾಗೇ ಇತ್ತು. ಆ ವರ್ಷದ ಕೊನೆಕೊಯ್ಲಿಗೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನಿಗೆ ಬೈಯುತ್ತಿದ್ದರು. ಆಮೇಲೆ ಬೆಳೆಯಿತು.

ಟ್ರಯಲ್ ಬಿಟ್ಟು ಬರುವಾಗ ಎಲ್ಲ ರಿಪೋರ್ಟಿನ ಪ್ರತಿ, ಸಿಡಿ, ಕೊಟ್ಟ ಡೋಸ್‌ಗಳ ಪಟ್ಟಿ ಕೇಳಿ ತನ್ನಿ. ಮುಂದಿನ ಡಾಕ್ಟರಿಗೆ ಅದೇ ಬೇಕು. ಯಾವ ಗುಂಪಿನಲ್ಲಿದ್ದಿರಿ ಎನ್ನುವುದು ಟ್ರಯಲ್ ಪೂರ್ತಿ ಮುಗಿದ ಮೇಲಷ್ಟೇ ಹೇಳುವುದಾದರೆ, ಯಾವಾಗ, ಯಾರನ್ನು ಕೇಳಬೇಕು ಎಂದು ಬರೆಸಿಕೊಳ್ಳಿ. ಬ್ಲಾಕ್ ವಾಪಸ್ ತೆಗೆದುಕೊಳ್ಳುವುದನ್ನು ಮರೆಯಬೇಡಿ. ನಮ್ಮದು ಇನ್ನೂ ಬೆಂಗಳೂರಿನಲ್ಲೇ ಇದೆ. ಎರಡು ಸಲ ಪತ್ರ ಬರೆದಿದ್ದೇನೆ, ಈ ಸಲ ಹೋದಾಗ ಕೌಂಟರಿನ ಮುಂದೆ ಕೂತೇ ತರಬೇಕು.